ಮದುವೆಗಿಂತ ಮೂರು ತಿಂಗಳು ಮೊದಲು ಬಂದ ಗ್ರೀನ್ ಕಾರ್ಡ್

ನನ್ನ ತಂಗಿಗೆ ಅಮೆರಿಕದ ವೀಸಾ 2025ರ ನವೆಂಬರ್‌ನಲ್ಲಿ ಸಿಕ್ಕಿತು. ಮದುವೆಯಾಗಿದ್ದು 2021ರ ಡಿಸೆಂಬರ್‌ನಲ್ಲಿ. ಈ ನಾಲ್ಕು ವರ್ಷ ಅವಳ ಫೈಲ್ ನೋಡಿಕೊಂಡಿದ್ದು ನಾನೇ. ನಮ್ಮದು ಕೊಡಗಿನ ಮಾದಾಪುರದ ಹತ್ತಿರ, ಅವಳ ಗಂಡನ ಮನೆ ಸುಂಟಿಕೊಪ್ಪದ ಕಡೆ. ಈ ಸುತ್ತಿನಲ್ಲಿ ಹೊರದೇಶದಲ್ಲಿರುವ ಹುಡುಗರಿಗೆ ಹೆಣ್ಣು ಕೊಡುವವರು ಈಗ ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಗೇಟಿನ ಹತ್ತಿರ ನಿಂತು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಹಾಕುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾವು ಯಾರೂ ಮೋಸ ಹೋಗಲಿಲ್ಲ, ಕಾಗದ ಸುಳ್ಳಿರಲಿಲ್ಲ, ಅರ್ಜಿ ತಿರಸ್ಕಾರವೂ ಆಗಲಿಲ್ಲ. ನಾಲ್ಕು ವರ್ಷ ಹೋಗಿದ್ದು ಎರಡು ತಾರೀಖುಗಳಿಂದ. ಒಂದು, ಭಾವನ, ಅಂದರೆ ತಂಗಿಯ ಗಂಡನ, ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಖಾಯಂ ಆಗಿ ಇರಲು ಸಿಗುವ ಪರವಾನಗಿ) ಬಂದ ತಾರೀಖು. ಇನ್ನೊಂದು, ನಾವು ಅರ್ಜಿ ಹಾಕಿದ ತಾರೀಖು.

ಭಾವ ಅಮೆರಿಕಕ್ಕೆ ಓದೋಕೆ ಹೋದವರು, ಆಮೇಲೆ ಅಲ್ಲೇ ಎಚ್-1ಬಿ ಅನ್ನುವ ಉದ್ಯೋಗದ ವೀಸಾ ಮೇಲೆ ಕೆಲಸ. ಅವರ ಕಂಪನಿ ಗ್ರೀನ್ ಕಾರ್ಡಿಗೆ ಹಾಕಿದ್ದು 2013ರಲ್ಲಿ. ಭಾರತದಲ್ಲಿ ಹುಟ್ಟಿದವರಿಗೆ ಉದ್ಯೋಗದ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು, ಏಳು ವರ್ಷ ಸುಮ್ನೆ ಕಾದರು. 2020ರ ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಸಾಲು ಓಡಿತು. ಕಾರಣ ಕೋವಿಡ್. 2020ರಲ್ಲಿ ದೂತಾವಾಸಗಳು ಮುಚ್ಚಿದ್ದವು, ಕುಟುಂಬದ ವೀಸಾಗಳ ಮೇಲೆ ಆಗಿನ ಅಧ್ಯಕ್ಷರ ತಡೆಯೂ ಇತ್ತು. ಹಾಗಾಗಿ ಕುಟುಂಬದವರಿಗೆ ಸಿಗಬೇಕಿದ್ದ ವೀಸಾಗಳು ದೊಡ್ಡ ಸಂಖ್ಯೆಯಲ್ಲಿ ಉಳಿದವು. ಒಂದು ವರ್ಷ ಕುಟುಂಬದ ಪಾಲಿನಲ್ಲಿ ಉಳಿದಿದ್ದು ಮುಂದಿನ ವರ್ಷ ಉದ್ಯೋಗದ ಪಾಲಿಗೆ ಸೇರಬೇಕು ಅಂತ ಅಲ್ಲಿನ ಕಾನೂನಿದೆ. ಮಾಮೂಲಿಯಾಗಿ ವರ್ಷಕ್ಕೆ 1.4 ಲಕ್ಷ ಇರುವ ಉದ್ಯೋಗದ ಗ್ರೀನ್ ಕಾರ್ಡ್ ಆ ವರ್ಷ ಸುಮಾರು 2.62 ಲಕ್ಷಕ್ಕೆ ಏರಿತು. ಭಾವನ ಕಡೆಯ ಹಂತದ ಅರ್ಜಿ, ಅಂದರೆ ಐ-485, ಆಗ ಹೋಯಿತು.

ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾರದೋ ಗಂಡ, ಯಾರದೋ ಹೆಂಡತಿ, ಯಾರದೋ ಮಕ್ಕಳು ಆ ವರ್ಷ ಬರಲಾಗದೆ ಉಳಿದ ಜಾಗದಿಂದ ಭಾವನಿಗೆ ಬೇಗ ಕಾರ್ಡ್ ಬಂತು. ಕಾರ್ಡ್ ಬಂದ ಮೇಲೆ ಅದೇ ಕುಟುಂಬದ ಸಾಲಿನ ಬಾಲದಲ್ಲಿ ನನ್ನ ತಂಗಿ ನಿಂತಳು.

2021ರ ಜನವರಿಯಲ್ಲಿ ಭಾವ ಊರಿಗೆ ಬಂದಿದ್ದರು. ನಿಶ್ಚಿತಾರ್ಥ ಆಯಿತು. ನಾಲ್ಕು ವಾರ ಇದ್ದು ಹೋದರು. ಮದುವೆ ಮೇ ತಿಂಗಳಲ್ಲಿ ಅಂತ ಎರಡೂ ಕಡೆ ಹಿರಿಯರು ಕೂತು ನಿಶ್ಚಯ ಮಾಡಿದರು. ಜನವರಿಯಲ್ಲಿ ಕಾಫಿ ಕೊಯ್ಲು, ಆಳು ಸಿಗಲ್ಲ, ಕಣದಲ್ಲಿ ಹಣ್ಣು ಹರಡಿರುತ್ತೆ, ಮದುವೆಗೆ ಯಾರಿಗೂ ಪುರುಸೊತ್ತಿರಲ್ಲ. ಮೇ ಅಂದರೆ ಎಲ್ಲರಿಗೂ ಅನುಕೂಲ. ನಾನೂ ಹೂಂ ಅಂದೆ.

ಆ ನಾಲ್ಕು ವಾರದಲ್ಲಿ ಒಂದು ಬೆಳಿಗ್ಗೆ ದೇವಸ್ಥಾನದಲ್ಲಿ ಮನೆಯವರಷ್ಟೇ ಸೇರಿ ತಾಳಿ ಕಟ್ಟಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಊಟ ಉಪಚಾರವನ್ನೆಲ್ಲ ಮೇ ತಿಂಗಳಿಗೇ ಇಟ್ಟುಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಸಿಗುವವನಿಗೆ, ಕಾರ್ಡ್ ಮಂಜೂರಾಗುವ ಮೊದಲೇ ಮದುವೆ ಆಗಿದ್ದರೆ, ಹೆಂಡತಿ ಅವನ ಅರ್ಜಿಯ ಭಾಗವೇ ಆಗುತ್ತಾಳೆ. ಅವನ ಸಾಲಿನ ತಾರೀಖೇ ಅವಳಿಗೂ. ಅವಳು ಆ ದಿನ ಅಮೆರಿಕದಲ್ಲಿ ಇಲ್ಲದಿದ್ದರೂ ಆಮೇಲೆ ಅವನ ಹಿಂದೆ ಹೋಗಬಹುದು. ಇದಕ್ಕೆ ‘ಫಾಲೋಯಿಂಗ್ ಟು ಜಾಯಿನ್’ ಅನ್ನುತ್ತಾರೆ. ಅವನು ಇನ್ನೂ ಎಚ್-1ಬಿಯಲ್ಲಿ ಇರುವಷ್ಟು ದಿನ ಎಚ್-4, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ, ಅದರ ಮೇಲೂ ಹೋಗಬಹುದು, ಅದಕ್ಕೆ ಇಂಥ ವರ್ಷಗಟ್ಟಲೆ ಸಾಲಿಲ್ಲ. ಗ್ರೀನ್ ಕಾರ್ಡ್ ಮಂಜೂರಾದ ಮೇಲೆ ಮದುವೆಯಾದರೆ ಈ ಎರಡು ದಾರಿಯೂ ಮುಚ್ಚಿ ಹೋಗುತ್ತವೆ. ಒಂದೇ ಒಂದು ದಿನ ಆಮೇಲೆ ಆದರೂ ಅಷ್ಟೆ.

ಭಾವನ ಕಂಪನಿಯ ವಕೀಲರಿಗೆ ಇದು ಗೊತ್ತಿರಲೇಬೇಕು, ಅಲ್ವಾ? ಅರ್ಜಿಯಲ್ಲಿ ‘ಅವಿವಾಹಿತ’ ಅಂತ ಬರೆಸಿಕೊಂಡರು, ಮುಗಿಯಿತು. ಸದ್ಯದಲ್ಲಿ ಮದುವೆ ಇದೆಯಾ ಅಂತ ಕೇಳಲಿಲ್ಲ. ಇವರೂ ಹೇಳಲಿಲ್ಲ, ಹೇಳಬೇಕು ಅನ್ನುವುದೇ ತಿಳಿದಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಕರ್ನಾಟಕದಲ್ಲಿ ಮತ್ತೆ ಲಾಕ್‌ಡೌನ್. ಮೇ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ತಡೆ ಹಾಕಿತು, ಎಚ್-1ಬಿ ಇದ್ದವರಿಗೂ. ಭಾವ ಬಂದರೆ ವಾಪಸ್ ಹೋಗೋ ಖಾತ್ರಿ ಇಲ್ಲ. ಮದುವೆ ಮುಂದಕ್ಕೆ ಹೋಯಿತು. ಜುಲೈನಲ್ಲಿ ಆಷಾಢ ಬಂತು, ಜೊತೆಗೆ ನಮ್ಮ ಕಡೆಯ ಮಳೆ. ಸೆಪ್ಟೆಂಬರ್‌ನಲ್ಲಿ ಭಾವ ಫೋನ್ ಮಾಡಿ "ಕಾರ್ಡ್ ಬಂತು" ಅಂದರು. ಅಮ್ಮ ಪಾಯಸ ಮಾಡಿದರು. ಅಪ್ಪ ಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿ ಬಂದರು. ದಾರಿ ಮುಚ್ಚಿದ್ದು ಅವತ್ತೇ. ನಮಗೆ ಅದು ತಿಳಿದಿದ್ದು ಐದು ತಿಂಗಳ ಮೇಲೆ, ಅರ್ಜಿ ತುಂಬೋಕೆ ಕೂತಾಗ.

ಧನುರ್ಮಾಸ ಶುರುವಾಗುವ ಮೊದಲು, ಡಿಸೆಂಬರ್ ಎರಡನೇ ವಾರದಲ್ಲಿ, ಸೋಮವಾರಪೇಟೆಯಲ್ಲಿ ಮದುವೆ ಮಾಡಿದೆವು. ಆ ವಾರವೇ ನೋಂದಣಿಯೂ ಆಯಿತು. ಆದರೆ ಪ್ರಮಾಣಪತ್ರದಲ್ಲಿ ನಮ್ಮ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು. ತಿದ್ದಿಸಿಕೊಂಡೇ ಕಳಿಸೋಣ ಅಂತ ನಾನೇ ಹೇಳಿದೆ. ತಿದ್ದುಪಡಿಗೆ ಏಳು ವಾರ ಹಿಡಿಯಿತು. ಭಾವ ಐ-130, ಅಂದರೆ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ, ಹಾಕಿದ್ದು 2022ರ ಫೆಬ್ರವರಿ 9ಕ್ಕೆ. ಆಗ ಅದರ ಶುಲ್ಕ 535 ಡಾಲರ್. ಅರ್ಜಿ ಅವರ ಕಚೇರಿಗೆ ಮುಟ್ಟಿದ ದಿನವೇ ಸಾಲಿನಲ್ಲಿ ನಮ್ಮ ಜಾಗ, ಅದನ್ನು ‘ಪ್ರಯಾರಿಟಿ ಡೇಟ್’ ಅನ್ನುತ್ತಾರೆ. ತಪ್ಪಿರುವ ಪತ್ರದ ಜೊತೆಗೇ ಅರ್ಜಿ ಹಾಕಿ, ಸರಿಯಾದ್ದನ್ನು ಆಮೇಲೆ ಕೊಟ್ಟಿದ್ದರೂ ನಡೆಯುತ್ತಿತ್ತು. ಈ ಏಳು ವಾರದ ಬೆಲೆ ಎಷ್ಟು ಅಂತ ಮುಂದೆ ಗೊತ್ತಾಗುತ್ತದೆ.

ಆಗ ನಮಗೆ ಗಾಬರಿ ಇರಲಿಲ್ಲ. ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, ಇವರದು ಎಫ್2ಎ ಅನ್ನುವ ವರ್ಗ. ಯಾವ ಸಾಲು ಎಲ್ಲಿಗೆ ಬಂತು ಅಂತ ತಿಳಿಸಲು ಪ್ರತಿ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಎಫ್2ಎ ಎದುರು 2019ರ ಜುಲೈನಿಂದಲೂ ‘ಸಿ’ ಅಂತ ಇತ್ತು. ಅಂದರೆ ಕರೆಂಟ್, ಸಾಲೇ ಇಲ್ಲ. ಅರ್ಜಿ ಪರಿಶೀಲನೆ ಆದರೆ ಸಾಕು. ಒಂದೂವರೆ ವರ್ಷ ಅಂತ ಲೆಕ್ಕ ಹಾಕಿಕೊಂಡೆವು. ತಂಗಿ ಕುಶಾಲನಗರದ ಕಾಲೇಜಿನಲ್ಲಿದ್ದ ಪಾಠದ ಕೆಲಸವನ್ನೂ ಬಿಟ್ಟಳು. ಹೇಗೂ ಹೋಗುವುದು ತಾನೇ, ಮಧ್ಯದಲ್ಲಿ ಬಿಟ್ಟರೆ ಮಕ್ಕಳಿಗೆ ತೊಂದರೆ ಅಂತ.

2023ರ ಏಪ್ರಿಲ್ ಬುಲೆಟಿನ್‌ನಲ್ಲಿ ‘ಸಿ’ ಹೋಯಿತು. ಅಲ್ಲಿ ಬಂದಿದ್ದು 2020 ಸೆಪ್ಟೆಂಬರ್ 8. ಆ ತಾರೀಖಿಗಿಂತ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ವೀಸಾ. ಸಾಲಿನಲ್ಲಿ ಜನ ಜಾಸ್ತಿಯಾಗಿ ಆ ವರ್ಷದ ಸಂಖ್ಯೆ ಸಾಲದೆ ಬಂತು. ನಮ್ಮ ಐ-130 ಇನ್ನೂ ಮಂಜೂರೇ ಆಗಿರಲಿಲ್ಲ. ಜುಲೈನಲ್ಲಿ ಮಂಜೂರಾಯಿತು, ಆದರೆ ಮಂಜೂರಾದ ಅರ್ಜಿಯನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಲ್ಲುವುದಷ್ಟೇ ಆಯಿತು.

ಇಲ್ಲಿ ತುಂಬಾ ಜನ "ನಾವು ಭಾರತೀಯರು ಅಂತ ತಡ" ಅನ್ನುತ್ತಾರೆ. ಉದ್ಯೋಗದ ಸಾಲಿನಲ್ಲಿ ಅದು ನಿಜ. ಎಫ್2ಎಯಲ್ಲಿ ಹಾಗಲ್ಲ. ಈ ವರ್ಗದ ಮುಕ್ಕಾಲು ಪಾಲು ವೀಸಾಗಳಿಗೆ ದೇಶವಾರು ಮಿತಿ ಇಲ್ಲ. ಹಾಗಾಗಿ ನಮ್ಮ ತಾರೀಖೂ ಬೇರೆ ಬಹುತೇಕ ದೇಶದವರ ತಾರೀಖೂ ಒಂದೇ. ಮೆಕ್ಸಿಕೋ ಮಾತ್ರ ಹಿಂದೆ. ತೊಂದರೆ ಇರುವುದು ಒಟ್ಟು ಸಂಖ್ಯೆಯಲ್ಲಿ. ಎಫ್2 ವರ್ಗಕ್ಕೆ ಕಾನೂನು ಇಟ್ಟಿರುವುದು ವರ್ಷಕ್ಕೆ 1,14,200 ವೀಸಾ. ಅದರಲ್ಲಿ ಶೇ. 77 ಎಫ್2ಎಗೆ. ಇಡೀ ಪ್ರಪಂಚಕ್ಕೆ ಸುಮಾರು 88 ಸಾವಿರ. ಅಮೆರಿಕದ ಪೌರರನ್ನು ಮದುವೆಯಾದವರಿಗೆ ಇಂಥ ಮಿತಿಯೇ ಇಲ್ಲ. ಎಚ್-1ಬಿಯವರನ್ನು ಮದುವೆಯಾದವರು ಕೆಲವೇ ತಿಂಗಳಲ್ಲಿ ಹೋಗಿ ಸೇರುತ್ತಾರೆ. ಖಾಯಂ ಆಗಿ ಇರು ಅಂತ ಆ ದೇಶವೇ ಒಪ್ಪಿದವನ ಹೆಂಡತಿ ಮಾತ್ರ ವರ್ಷಗಟ್ಟಲೆ ಹೊರಗೆ. ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಈ ಕಷ್ಟ ಅಲ್ಲಿನ ಸಂಸತ್ತಿಗೆ ಗೊತ್ತಿಲ್ಲದ್ದಲ್ಲ. 2000ದಲ್ಲಿ ‘ವಿ ವೀಸಾ’ ಅಂತ ಒಂದು ಮಾಡಿದ್ದರು. ಅರ್ಜಿ ಹಾಕಿ ಮೂರು ವರ್ಷ ಕಾದವರು ಅಮೆರಿಕಕ್ಕೆ ಬಂದು, ಗಂಡನ ಅಥವಾ ಹೆಂಡತಿಯ ಜೊತೆಗಿದ್ದು, ಕೆಲಸ ಮಾಡುತ್ತಾ ಉಳಿದ ಸಾಲು ಕಾಯಬಹುದಿತ್ತು. ಆದರೆ 2000ದ ಡಿಸೆಂಬರ್ 21ರ ಒಳಗೆ ಅರ್ಜಿ ಹಾಕಿದವರಿಗೆ ಮಾತ್ರ. ಆ ಒಂದು ತಾರೀಖನ್ನು ಮುಂದಕ್ಕೆ ತಂದಿದ್ದರೆ ಸಾಕಿತ್ತು. ಕಾಯಲಿ, ಬೇಡ ಅನ್ನಲ್ಲ. ಜೊತೆಗಿದ್ದು ಕಾಯಲು ಬಿಡಬಹುದಿತ್ತು.

ಈಗ ತಂಗಿಯ ವಿಷಯ. ಮದುವೆಯಾದ ಮೇಲೆ ಅವಳು ಗಂಡನಿಲ್ಲದ ಗಂಡನ ಮನೆಯಲ್ಲಿ ಇದ್ದಳು. ಅತ್ತೆ ಮಾವ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಲ್ಲಿಗೆ ಅವಳು ಯಾಕೆ ಬಂದಳೋ ಆ ಮನುಷ್ಯನೇ ಇಲ್ಲ. ಮಾವನಿಗೆ ಮೊಣಕಾಲು ನೋವು ಜಾಸ್ತಿಯಾದ ಮೇಲೆ ತೋಟದ ಲೆಕ್ಕ ಇವಳ ಕೈಗೆ ಬಂತು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು, ಶನಿವಾರ ಬಟವಾಡೆ, ಗೊಬ್ಬರದ ಬಿಲ್ಲು. ಕಲಿತಳು, ಚೆನ್ನಾಗಿಯೇ ಮಾಡಿದಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರಲ್ಲ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ತೋಟದ ಮೇಲ್ಭಾಗದ ರಸ್ತೆ ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಬೆಳಿಗ್ಗೆ ಆರೂವರೆಗೆ ಕೊಡೆ ಹಿಡಿದು ಅಲ್ಲಿಗೆ ಹೋಗಿ ಮಾತಾಡಿ ಬರುತ್ತಿದ್ದಳು. ಅಲ್ಲಿ ಭಾವನಿಗೆ ರಾತ್ರಿ ಒಂಬತ್ತು.

ಮದುವೆ, ನಾಮಕರಣ, ತಿಥಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಏನಮ್ಮ, ಇನ್ನೂ ಹೋಗಿಲ್ವಾ?" ಕೇಳುವವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆದರೆ ಎರಡನೇ ವರ್ಷದಿಂದ ಪ್ರಶ್ನೆಯ ದನಿ ಬದಲಾಯಿತು. ಹುಡುಗನಿಗೆ ಅಲ್ಲಿ ಬೇರೆ ಸಂಸಾರ ಇರಬಹುದಾ ಅಂತ ಒಬ್ಬರು ನಮ್ಮ ಅಮ್ಮನ ಹತ್ತಿರವೇ ಕೇಳಿದರು. ಅಮ್ಮ ಅವತ್ತು ಊಟ ಮಾಡಲಿಲ್ಲ. ಎಫ್2ಎ, ಬುಲೆಟಿನ್, ಪ್ರಯಾರಿಟಿ ಡೇಟ್ ಇವನ್ನೆಲ್ಲ ಕಲ್ಯಾಣ ಮಂಟಪದ ಊಟದ ಸಾಲಿನಲ್ಲಿ ಯಾರಿಗೆ ವಿವರಿಸುವುದು? ತಂಗಿ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಳು.

"ಹಾಗಾದ್ರೆ ಅವನೇ ಬಂದು ಇಲ್ಲಿ ಒಂದು ವರ್ಷ ಇರಲಿ" ಅಂತಲೂ ಹೇಳಿದವರಿದ್ದಾರೆ. ಅದೂ ಸುಲಭ ಅಲ್ಲ. ಭಾವ ಪೌರತ್ವ ಪಡೆದರೆ ತಂಗಿಗೆ ಸಾಲೇ ಇರುವುದಿಲ್ಲ. ಆದರೆ ಪೌರತ್ವಕ್ಕೆ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗಬೇಕು. ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಲ್ಲಿ ಇರಬೇಕು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪ್ರಶ್ನೆ ಏಳುತ್ತದೆ, ಒಂದು ವರ್ಷ ದಾಟಿದರೆ ಆ ಐದು ವರ್ಷದ ಲೆಕ್ಕವೇ ಕಡಿದುಹೋಗುತ್ತದೆ. ಹೆಂಡತಿ ಜೊತೆ ಜಾಸ್ತಿ ದಿನ ಇರೋಕೆ ಬಂದರೆ, ಅವಳನ್ನು ಕರೆಸಿಕೊಳ್ಳುವ ದಿನ ದೂರ ಹೋಗುತ್ತದೆ. ಭಾವ ವರ್ಷಕ್ಕೊಮ್ಮೆ ನಾಲ್ಕೈದು ವಾರ ಮಾತ್ರ ಬರುತ್ತಿದ್ದರು, ಕಂಪನಿ ಕೊಡುವ ರಜೆಯೂ ಅಷ್ಟೇ.

ಪ್ರವಾಸಿ ವೀಸಾ ನೋಡೋಣ ಅಂತ 2024ರಲ್ಲಿ ಒಂದು ಸಲ ಹಾಕಿದೆವು. ಎರಡು ನಿಮಿಷದಲ್ಲಿ ಇಲ್ಲ ಅಂದರು. ವಾಪಸ್ ಬರುತ್ತೇನೆ ಅಂತ ಅಧಿಕಾರಿಗೆ ಖಾತ್ರಿ ಮಾಡಿಸುವುದು ಅರ್ಜಿದಾರರ ಹೊಣೆ ಅನ್ನುತ್ತದೆ ಕಾನೂನು. ಗಂಡ ಅಲ್ಲೇ ಖಾಯಂ, ಇವಳ ಹೆಸರಲ್ಲಿ ಖಾಯಂ ವೀಸಾದ ಅರ್ಜಿ ಬಾಕಿ. ಹೇಗೆ ಖಾತ್ರಿ ಮಾಡುವುದು? ಇದಕ್ಕೆ ದುಡ್ಡು ಹಾಕಬೇಡಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

2023ರ ಅಕ್ಟೋಬರ್‌ನಲ್ಲಿ ಮಡಿಕೇರಿಯಲ್ಲಿ ಮಗ ಹುಟ್ಟಿದ. ಖುಷಿಯ ಜೊತೆಗೆ ಒಂದು ಹೊಸ ತೊಡಕೂ ಬಂತು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕೆಂದರೆ ನಮಗೆ ಇದನ್ನು ಯಾರೂ ಹೇಳಲಿಲ್ಲ. ಎಫ್2ಎ ಸಾಲಿನಲ್ಲಿ ಮಗು ತಾಯಿಯ ಅರ್ಜಿಯ ಜೊತೆಗೇ ಹೋಗುತ್ತದೆ. ಬೇರೆ ಐ-130 ಬೇಡ, ವೀಸಾ ಅರ್ಜಿ ಮತ್ತು ಶುಲ್ಕ ಮಾತ್ರ ಬೇರೆ. ಆದರೆ ಅಪ್ಪ ಪೌರನಾದ ದಿನ ತಾಯಿಯ ಅರ್ಜಿ ತಾನಾಗಿಯೇ ಪೌರರ ಹೆಂಡತಿಯ ವರ್ಗಕ್ಕೆ ಏರುತ್ತದೆ, ಮಗು ಮಾತ್ರ ಅದರಿಂದ ಹೊರಗೆ ಬೀಳುತ್ತದೆ. ಪೌರರ ಹೆಂಡತಿಯ ವರ್ಗದಲ್ಲಿ ಜೊತೆಗೆ ಹೋಗುವವರು ಅನ್ನುವ ಲೆಕ್ಕ ಇಲ್ಲ. ಮಗುವಿಗೆ ಬೇರೆಯೇ ಅರ್ಜಿ ಬೇಕು. ಇದನ್ನು ಮೊದಲೇ ಹಾಕದಿದ್ದರೆ ತಾಯಿಗೆ ವೀಸಾ ಬಂದು ಮಗು ಇಲ್ಲೇ ಉಳಿಯಬಹುದು. ಭಾವನಿಗೆ 2026ರ ಸೆಪ್ಟೆಂಬರ್‌ಗೆ ಐದು ವರ್ಷ ಆಗುತ್ತದೆ, 90 ದಿನ ಮೊದಲೇ ಪೌರತ್ವದ ಅರ್ಜಿ ಎನ್-400 ಹಾಕಬಹುದು. ಸಾಲು ಮೊದಲು ಬರುತ್ತಾ, ಪೌರತ್ವ ಮೊದಲು ಬರುತ್ತಾ ಅಂತ ತಿಳಿಯದೆ, 2024ರಲ್ಲಿ ಮಗನ ಹೆಸರಲ್ಲೂ ಒಂದು ಐ-130 ಹಾಕಿಟ್ಟರು. ದುಡ್ಡು ಖರ್ಚಾಯಿತು, ನಿದ್ದೆ ಬಂತು.

ಕಾಗದ ಪತ್ರದ ಕೆಲಸದಲ್ಲಿ ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು ತಂಗಿಯ ಜನನ ಪ್ರಮಾಣಪತ್ರ. 2018ರ ಆಗಸ್ಟ್‌ನಲ್ಲಿ ನಮ್ಮ ಭಾಗದಲ್ಲಿ ಗುಡ್ಡಗಳು ಜಾರಿದಾಗ ಮನೆಯೊಳಗೆ ಕೆಸರು ನುಗ್ಗಿತ್ತು. ಜೀವ ಉಳಿಯಿತು, ಪತ್ರಗಳ ಟ್ರಂಕು ಹೋಯಿತು. ಹೊಸ ಪ್ರತಿ ತೆಗೆಸಿದರೆ ಅದರಲ್ಲಿ ಅಪ್ಪ ಅಮ್ಮನ ಹೆಸರಿದೆ, ಹುಟ್ಟಿದ ದಿನ ಇದೆ, ಮಗುವಿನ ಹೆಸರಿನ ಜಾಗ ಖಾಲಿ. ಆಗೆಲ್ಲ ಹೆಸರಿಡುವ ಮೊದಲೇ ನೋಂದಣಿ ಆಗುತ್ತಿತ್ತು, ಆಮೇಲೆ ಹೋಗಿ ಸೇರಿಸಿದವರು ಕಡಿಮೆ. ನಿಮ್ಮ ಮನೆಯ ಹೆಣ್ಣುಮಕ್ಕಳದ್ದು ಇವತ್ತೇ ತೆಗೆದು ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೋರಿಸಿ, ಅಫಿಡವಿಟ್ ಮಾಡಿಸಿ, ಹೆಸರು ಸೇರಿಸಿಕೊಳ್ಳಲು ಮೂರು ತಿಂಗಳು ಓಡಾಡಿದೆ. ಆ ಪತ್ರ ಕನ್ನಡದಲ್ಲಿದ್ದಿದ್ದರಿಂದ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ದೃಢೀಕರಣ ಬೇರೆ. ಇನ್ನೊಂದು, ಅವಳ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿತ್ತು, ಸರ್‌ನೇಮ್ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಕೂರುತ್ತದೆ, ಮೊದಲ ಹೆಸರು ತಿಳಿಯದು ಅಂತ ಅರ್ಥ. ಅಲ್ಲಿ ಬ್ಯಾಂಕ್ ಖಾತೆಯಿಂದ ಹಿಡಿದು ಎಲ್ಲದಕ್ಕೂ ಅದೇ ಅಂಟಿಕೊಳ್ಳುತ್ತದೆ. ಮೈಸೂರಿಗೆ ಹೋಗಿ ಪಾಸ್‌ಪೋರ್ಟ್ ಬದಲಾಯಿಸಿದೆವು. ಪೊಲೀಸ್ ಕ್ಲಿಯರೆನ್ಸ್ ಅರ್ಜಿಗೂ ಅದೇ ದಾರಿ.

ಇಷ್ಟೆಲ್ಲ ಸಿದ್ಧ ಮಾಡಿ ಕಾದೆವು. 2025ರ ಜನವರಿ ಬುಲೆಟಿನ್‌ನಲ್ಲಿ ತಾರೀಖು 2022 ಜನವರಿ 1 ಇತ್ತು. ನಮ್ಮದು ಫೆಬ್ರವರಿ 9. ಬರೀ ಐದೂವರೆ ವಾರ, ಮುಂದಿನ ತಿಂಗಳು ದಾಟುತ್ತೆ ಅಂದುಕೊಂಡೆವು. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ. ಅಲ್ಲೇ ನಿಂತಿತು. ಸ್ಪೆಲ್ಲಿಂಗ್ ತಿದ್ದಿಸದೆ ಡಿಸೆಂಬರ್‌ನಲ್ಲೇ ಅರ್ಜಿ ಹಾಕಿದ್ದರೆ ಜನವರಿ ಹೊತ್ತಿಗೇ ನಮ್ಮ ಸರದಿ ಬಂದಿರುತ್ತಿತ್ತು. ಇದು ನನ್ನ ತಪ್ಪು. ತಂಗಿಗೆ ಹೇಳಿದೆ. "ಬಿಡಣ್ಣ, ನೀನೂ ಒಳ್ಳೇದಕ್ಕೇ ಮಾಡಿದ್ದು" ಅಂದಳು. ಅವಳು ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಆಗಸ್ಟ್‌ನಲ್ಲಿ ದಾಟಿತು. ಭಾವನ ಆದಾಯದ ಪತ್ರ ಐ-864 ಹಳೆಯದಾಗಿತ್ತು, ಹೊಸದು ಹಾಕಿದರು. ಸಂದರ್ಶನ ಮುಂಬೈಯಲ್ಲಿ. ಅದಕ್ಕೆ ಮೊದಲು ಅವರು ಹೇಳಿದ ವೈದ್ಯರಲ್ಲಿಯೇ ತಪಾಸಣೆ, ಎಕ್ಸ್‌ರೇ, ಲಸಿಕೆ. ಎರಡು ವರ್ಷದ ಮಗುವನ್ನು ಕರೆದುಕೊಂಡು ನಾನು, ತಂಗಿ, ಅತ್ತೆ ಮೂವರು ಬೆಂಗಳೂರಿಂದ ರೈಲಿನಲ್ಲಿ ಹೋದೆವು. ಮದುವೆಯ ಫೋಟೊ, ವರ್ಷವರ್ಷದ ಭೇಟಿಯ ಟಿಕೆಟ್, ಪಾಸ್‌ಪೋರ್ಟ್ ಮುದ್ರೆಗಳ ಪ್ರತಿ, ಎಲ್ಲ ಒಂದು ಫೈಲಿನಲ್ಲಿ.

ಒಳಗೆ ಅವಳು ಮತ್ತು ಮಗು ಮಾತ್ರ. ಹೊರಗೆ ಬಂದು ಹೇಳಿದಳು, ಅಧಿಕಾರಿ ಜಾಸ್ತಿ ಏನೂ ಕೇಳಲಿಲ್ಲ. ಮದುವೆ ಎಲ್ಲಿ ಆಯಿತು, ಗಂಡ ಏನು ಕೆಲಸ, ಮದುವೆಯಾದ ಮೇಲೆ ಎಷ್ಟು ದಿನ ಜೊತೆಗಿದ್ದಿರಿ. "131 ದಿನ" ಅಂದಳಂತೆ. ಅವರು ತಲೆ ಎತ್ತಿ ನೋಡಿದರಂತೆ. ಅವಳು ಹೇಗೆ ಅಷ್ಟು ಸರಿಯಾಗಿ ಹೇಳಿದಳು ಅಂತ ನನಗೂ ಆಶ್ಚರ್ಯ. ತೋಟದ ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆಯಲ್ಲಿ, ಆಳುಗಳ ಹಾಜರಿ ಹಾಕುವ ಹಾಗೆಯೇ, ಭಾವ ಮನೆಯಲ್ಲಿದ್ದ ಒಂದೊಂದು ದಿನಕ್ಕೂ ಒಂದೊಂದು ಗೀಟು ಹಾಕಿಟ್ಟಿದ್ದಳು.

ಮದುವೆಗೆ ಎರಡು ವರ್ಷ ದಾಟಿದ್ದರಿಂದ ಅವಳಿಗೆ ಷರತ್ತಿಲ್ಲದ, ಹತ್ತು ವರ್ಷದ ಕಾರ್ಡೇ ಬರುತ್ತದೆ. ಭಾವ ಡಿಸೆಂಬರ್‌ನಲ್ಲಿ ಊರಿಗೆ ಬರಲು ತೆಗೆದಿಟ್ಟಿದ್ದ ಟಿಕೆಟ್ ರದ್ದು ಮಾಡಿದರು. ಅದೇ ವಾರಕ್ಕೆ ಬೆಂಗಳೂರಿನಿಂದ ಎರಡು ಟಿಕೆಟ್ ತೆಗೆದರು. ಹೊರಡುವ ಹಿಂದಿನ ಶನಿವಾರ ತಂಗಿ ಬಟವಾಡೆ ಮುಗಿಸಿ, ಚೆಕ್‌ರೋಲ್ ಪುಸ್ತಕವನ್ನು ಮಾವನ ಕೈಗೆ ಕೊಟ್ಟಳು. ಕೊನೆಯ ಹಾಳೆಯನ್ನು ಮಾತ್ರ ಹರಿದು ತನ್ನ ಫೈಲಿನಲ್ಲಿ ಇಟ್ಟುಕೊಂಡಳು.